ಆಟ ಆಡದೋರಿಗೂ ಒಂದು ಗುಂಪು: ನಿಮ್ಮ ಏರಿಯಾ ಪಾರ್ಕಲ್ಲಿ ಬೆಳಗಿನ ವಾಕಿಂಗ್-ಕಸರತ್ತು ಶುರು ಮಾಡೋದು ಹೇಗೆ

ನಮ್ಮ ಬಡಾವಣೇಲಿ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಇಡ್ತಾರೆ. ಪೆಂಡಾಲು, ಮೈಕು, ಕಪ್ಪು, ಶಾಲು ಹಾರ ಎಲ್ಲಾ ಇರುತ್ತೆ. ಎರಡು ವರ್ಷದ ಹಿಂದೆ ಬೋರಾಗಿ ಕೂತ್ಕೊಂಡು ಎಣಿಸ್ದೆ, ಗ್ರೌಂಡಲ್ಲಿ ಓಡಾಡ್ತಿದ್ದೋರು ಹದಿಮೂರು ಜನ, ಅದ್ರಲ್ಲೂ ಸ್ಲಿಪ್ಪಲ್ಲಿ ನಿಂತಿದ್ದ ಇಬ್ರು ಮೊಬೈಲ್ ನೋಡ್ತಿದ್ರು. ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಮೆಣಸಿನಕಾಯಿ ಬಜ್ಜಿ ತಿಂತಿದ್ದೋರು ನೂರೈವತ್ತಕ್ಕೂ ಜಾಸ್ತಿ. ನಾನೂ ಆ ನೂರೈವತ್ತರಲ್ಲೇ ಇದ್ದೆ, ಎರಡನೇ ಪ್ಲೇಟ್ ಕೈಲಿ ಹಿಡ್ಕೊಂಡು.

ಬ್ಯಾನರ್ ಮೇಲೆ ಮಾತ್ರ 'ಆರೋಗ್ಯಕ್ಕಾಗಿ ಕ್ರೀಡೆ' ಅಂತ ಬರೆದಿತ್ತು.

ಟೂರ್ನಮೆಂಟ್ ಬೇಡ ಅಂತ ನಾನು ಹೇಳ್ತಿಲ್ಲ, ಹುಡುಗರು ಆಡ್ಲಿ. ಆದ್ರೆ ಆಡೋರು ಹೇಗಿದ್ರೂ ಆಡ್ತಾರೆ ಕಣ್ರೀ, ಸಮಸ್ಯೆ ಇರೋದು ಕುರ್ಚಿ ಮೇಲೆ ಕೂತಿರೋರದ್ದು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೇಲಿ ಒಂದು ದೊಡ್ಡ ಲೆಕ್ಕಾಚಾರ ಬಂತು, 2022ರ ಹೊತ್ತಿಗೆ ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚು ಕಮ್ಮಿ ಅರ್ಧದಷ್ಟು ಜನ ಮೈಗೆ ಬೇಕಾದಷ್ಟು ಚಟುವಟಿಕೆ ಮಾಡ್ತಿಲ್ಲ, ಗಂಡಸರಿಗಿಂತ ಹೆಂಗಸರ ಪಾಡು ಇನ್ನೂ ಕಷ್ಟ, ನೂರಕ್ಕೆ 57 ಅಂತ. ಇವರ್ಯಾರೂ ಕ್ರಿಕೆಟ್ ಬ್ಯಾಟ್ ಕೊಟ್ರೆ ಎದ್ದು ಬರೋರಲ್ಲ. ಸ್ಕೂಲಲ್ಲಿ ಟೀಮ್ ಆರಿಸುವಾಗ ಕೊನೇಗೆ ಉಳ್ಕೋತಿದ್ದೋರು, ಮಂಡಿ ನೋವಿರೋರು, ನೈಟಿ ಮೇಲೆ ವೇಲ್ ಹಾಕ್ಕೊಂಡು ಗೇಟ್ ತನಕ ಬಂದು ವಾಪಸ್ ಹೋಗೋರು, ಶುಗರ್ ಬಂದು ಡಾಕ್ಟ್ರು 'ವಾಕ್ ಮಾಡಿ' ಅಂದಿದ್ದಕ್ಕೆ ಎರಡು ದಿನ ಮಾಡಿ ಬಿಟ್ಟೋರು. ಇಂಥೋರನ್ನ ಸೇರಿಸಿ ನಾವು ಮೈಸೂರಲ್ಲಿ ನಮ್ಮ ಬೀದಿ ಪಾರ್ಕಲ್ಲಿ ಒಂದು ಗುಂಪು ಮಾಡಿದ್ವಿ. ಮಾಡಿದ ತಪ್ಪುಗಳೆಲ್ಲಾ ಸೇರಿಸಿ ಹೇಗೆ ಮಾಡೋದು ಅಂತ ಹೇಳ್ತೀನಿ, ನಿಮ್ಮೂರಿಗೆ ಬೇಕಾದ ಹಾಗೆ ಬದಲಾಯಿಸ್ಕೊಳ್ಳಿ.

1. ಮೊದ್ಲು ಹತ್ತು ಮನೆ ಬಾಗಿಲು ತಟ್ಟಿ

ಪಾಂಪ್ಲೆಟ್ ಹಂಚಬೇಡಿ. ನಾವು ಹಂಚಿದ್ವಿ, ಇನ್ನೂರು ಪ್ರಿಂಟ್ ಹಾಕ್ಸಿ, ಬಂದೋರು ಮೂವರು, ಅದ್ರಲ್ಲಿ ಒಬ್ರು ಇನ್ಶೂರೆನ್ಸ್ ಏಜೆಂಟು.

ಆಮೇಲೆ ಗೊತ್ತಾಯ್ತು, ಮನೆ ಮನೆಗೆ ಹೋಗಿ ಕೇಳ್ಬೇಕು, ಅದೂ ಸರಿಯಾದ ಪ್ರಶ್ನೆ ಕೇಳ್ಬೇಕು. "ವ್ಯಾಯಾಮ ಮಾಡೋಕೆ ಬರ್ತೀರಾ" ಅಂದ್ರೆ ಎಲ್ಲರೂ "ಓ ಖಂಡಿತಾ ಬರ್ತೀವಿ, ಕಾಫಿ ಕುಡಿದು ಹೋಗಿ" ಅಂತಾರೆ, ಯಾರೂ ಬರಲ್ಲ. ಅದರ ಬದಲು "ಅಕ್ಕ, ನಿಮಗೆ ದಿನದಲ್ಲಿ ಯಾವ ಅರ್ಧ ಗಂಟೆ ಬಿಡುವಿರುತ್ತೆ?" ಅಂತ ಕೇಳಿ. ಜೊತೆಗೆ ಇನ್ನೊಂದು, "ಮನೆಯಿಂದ ಹೊರಗೆ ಬರೋಕೆ ಏನು ಅಡ್ಡಿ?" ಅಂತ. ನಮಗೆ ಸಿಕ್ಕ ಉತ್ತರಗಳು ನಾಯಿ, ಕತ್ತಲೆ, ಸೊಸೆ ಏನಂತಾಳೋ, ಮಂಡಿ, ಶೂ ಇಲ್ಲ, ಒಬ್ಳೇ ಹೋಗೋಕೆ ನಾಚಿಕೆ, ಹೀಗೆ. ಸೋಮಾರಿತನ ಅಂತ ನಾವೆಲ್ಲಾ ಅಂದ್ಕೊಂಡಿದ್ದು ನೋಡಿದ್ರೆ ಮುಕ್ಕಾಲು ಭಾಗ ಬೀದಿ ದೀಪದ ಸಮಸ್ಯೆ ಆಗಿತ್ತು.

ಒಂದು ನೋಟ್‌ಬುಕ್ಕಲ್ಲಿ ಹೆಸ್ರು, ಬಿಡುವಿನ ಟೈಮು, ಅಡ್ಡಿ, ಈ ಮೂರು ಬರ್ಕೊಳ್ಳಿ. ಐದು ಜನ ಸಿಕ್ಕಿದ್ರೆ ಸಾಕು, ಶುರು ಮಾಡ್ಬಹುದು.

2. ಜಾಗ ನೋಡೋದು, ಅದೇ ಟೈಮಲ್ಲಿ ಹೋಗಿ ನೋಡೋದು

ಸಂಜೆ ಐದಕ್ಕೆ ಪಾರ್ಕ್ ನೋಡಿ 'ಸೂಪರ್' ಅಂದ್ಕೊಂಡು ಬೆಳಿಗ್ಗೆ ಐದೂವರೆಗೆ ಗುಂಪು ಕರ್ಕೊಂಡು ಹೋದ್ರೆ ಗೇಟಿಗೆ ಬೀಗ ಹಾಕಿರುತ್ತೆ. ನಿಮ್ಮ ಗುಂಪು ಯಾವ ಹೊತ್ತಿಗೆ ಸೇರುತ್ತೋ ಅದೇ ಹೊತ್ತಿಗೆ ಮೂರು ದಿನ ನೀವೇ ಹೋಗಿ ನಡೀರಿ. ಯಾವ ಕಂಬದ ಲೈಟ್ ಉರೀತಿಲ್ಲ, ಚರಂಡಿ ಮೇಲಿನ ಯಾವ ಚಪ್ಪಡಿ ಅಲ್ಲಾಡುತ್ತೆ, ನಾಯಿಗಳು ಎಲ್ಲಿ ಮಲಗಿರ್ತವೆ, ಕೂರೋಕೆ ಬೆಂಚಿದ್ಯಾ, ಹತ್ತಿರದಲ್ಲಿ ಟಾಯ್ಲೆಟ್ ಇದ್ಯಾ. ಕೊನೇದು ಬಹಳ ಮುಖ್ಯ. ಶುಗರ್ ಇರೋರಿಗೆ, ವಯಸ್ಸಾದೋರಿಗೆ, ಹೆಂಗಸರಿಗೆ ಟಾಯ್ಲೆಟ್ ಇಲ್ಲ ಅಂದ್ರೆ ಅವರು ಕಾರಣ ಹೇಳ್ದೇನೇ ಬರೋದು ನಿಲ್ಲಿಸ್ತಾರೆ. ನಮ್ಮಲ್ಲಿ ಪಾರ್ಕ್ ಎದುರು ಮನೆಯವರು ಹೊರಗಿನ ಬಾತ್‌ರೂಮ್ ಬಳಸಿ ಅಂದ್ರು, ಅದೊಂದು ಉಪಕಾರ ಇಲ್ದೇ ಹೋಗಿದ್ರೆ ಅರ್ಧ ಗುಂಪು ಇರ್ತಿರ್ಲಿಲ್ಲ.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಅಲ್ಲಿ ಹೋಗೋರು ಪುಣ್ಯವಂತರು. ಆದ್ರೆ ದಿನಾ ಗಾಡಿ ಹತ್ತಿ ಹೋಗಿ ವಾಕ್ ಮಾಡಿ ಬರೋ ಪ್ಲಾನು ಹದಿನೈದು ದಿನದ ಮೇಲೆ ನಡೆಯಲ್ಲ. ಮನೆಯಿಂದ ಐದು ನಿಮಿಷ ನಡಿಗೆ ದೂರದಲ್ಲಿ ಇರೋ ಸಾಧಾರಣ ಪಾರ್ಕು, ಸ್ಕೂಲ್ ಗ್ರೌಂಡು, ದೇವಸ್ಥಾನದ ಅಂಗಳ, ಅದೂ ಇಲ್ಲ ಅಂದ್ರೆ ಗಾಡಿ ಕಮ್ಮಿ ಓಡಾಡೋ ಒಂದು ಅಡ್ಡರಸ್ತೆ ಆದ್ರೂ ಸಾಕು.

ಓಪನ್ ಜಿಮ್ ಬಗ್ಗೆ ಒಂದು ಮಾತು. ಈಗ ಎಲ್ಲಾ ಪಾರ್ಕಲ್ಲೂ ನೀಲಿ ಹಳದಿ ಬಣ್ಣದ ಮಷೀನ್ ಹಾಕಿರ್ತಾರೆ. ಕಾಲು ತೂಗಾಡಿಸೋದು, ಸೊಂಟ ತಿರುಗಿಸೋದು, ಮಜವಾಗಿರುತ್ತೆ, ಜನ ಬರೋಕೆ ಒಂದು ನೆಪ ಆಗುತ್ತೆ, ಬೇಡ ಅನ್ನಲ್ಲ. ನಮ್ಮ ಪಾರ್ಕಲ್ಲಿ ಏಳು ಮಷೀನಲ್ಲಿ ಮೂರು ಕಿರ್ರ್ ಅಂತಿದ್ವು, ಒಂದರ ಪೆಡಲ್ಲೇ ಇರ್ಲಿಲ್ಲ. ಅದನ್ನ ನಂಬ್ಕೊಂಡು ಗುಂಪು ಮಾಡ್ಬೇಡಿ, ಹಿಡ್ಕೊಳ್ಳೋಕೆ ಗಟ್ಟಿ ಕಂಬಿ ಅಂತ ಬಳಸ್ಕೊಳ್ಳಿ ಅಷ್ಟೆ.

ಪಾರ್ಕ್ ಪಾಲಿಕೆದಾಗಿದ್ರೆ ಗೇಟ್ ಬೇಗ ತೆಗೆಸೋಕೆ, ಲೈಟ್ ರಿಪೇರಿಗೆ ಒಂದು ಅರ್ಜಿ ಬರೀರಿ. ಎರಡು ಕಾಪಿ ತಗೊಂಡ್ ಹೋಗಿ, ಒಂದರ ಮೇಲೆ ಸೀಲು-ಸಹಿ ಹಾಕಿಸ್ಕೊಂಡು ಬನ್ನಿ. ಬಾಯಲ್ಲಿ ಹೇಳಿ ಬಂದ್ರೆ ಕೆಲಸ ಆಗಲ್ಲ, ಸೀಲ್ ಇರೋ ಕಾಪಿ ತೋರ್ಸಿ ಮೂರನೇ ಸಲ ಕೇಳಿದಾಗ ಆಗುತ್ತೆ. ಮೈಕ್ ಸ್ಪೀಕರ್ ಮಾತ್ರ ಬೇಡವೇ ಬೇಡ, ಮಲಗಿರೋರ ಶಾಪ ತಗುಲುತ್ತೆ.

3. ಟೈಮು ಒಂದೇ ಅಂತ ಹಠ ಹಿಡೀಬೇಡಿ

ಬೆಳಿಗ್ಗೆ ಐದೂವರೆ ಅಂತ ಇಟ್ವಿ, ಬಂದೋರು ಪೂರ್ತಿ ರಿಟೈರ್ಡ್ ಗಂಡಸರು. ಯಾಕೆ ಅಂತ ಯೋಚ್ನೆ ಮಾಡೋಕೆ ನನಗೆ ಒಂದು ತಿಂಗಳು ಬೇಕಾಯ್ತು ನೋಡಿ, ಆ ಹೊತ್ತಲ್ಲಿ ಹೆಂಗಸರು ಹಾಲು ಕಾಯ್ಸಿ, ಕುಕ್ಕರ್ ಇಟ್ಟು, ಡಬ್ಬಿ ಕಟ್ಟಿ, ಮಕ್ಕಳಿಗೆ ಜಡೆ ಹಾಕಿ, ಇಷ್ಟೆಲ್ಲಾ ಮಾಡ್ತಿರ್ತಾರೆ, ನಾವು ಪಾರ್ಕಲ್ಲಿ ಕೈ ತಿರುಗಿಸ್ತಾ 'ಲೇಡೀಸ್‌ಗೆ ಆರೋಗ್ಯದ ಬಗ್ಗೆ ಕಾಳಜಿನೇ ಇಲ್ಲ ಸಾರ್' ಅಂತ ಭಾಷಣ ಮಾಡ್ತಿರ್ತೀವಿ. ಎದುರು ಮನೆ ಆಂಟಿ ಒಂದಿನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು, "ಸ್ಕೂಲ್ ವ್ಯಾನ್ ಹೋಗೋದು ಎಂಟೂಮುಕ್ಕಾಲಿಗೆ. ಒಂಬತ್ತಕ್ಕೆ ಇಡಿ, ಬರ್ತೀವೋ ಇಲ್ವೋ ನೋಡಿ."

ಒಂಬತ್ತಕ್ಕೆ ಇಟ್ವಿ. ಮೊದಲ ದಿನ ಹನ್ನೊಂದು ಜನ ಬಂದ್ರು.

ಈಗ ಎರಡು ಬ್ಯಾಚ್ ಇದೆ, 6 ಗಂಟೆದು, 9 ಗಂಟೆದು. ಬೇಸಿಗೇಲಿ ಒಂಬತ್ತರದ್ದು ಮರದ ನೆರಳಲ್ಲಿ ಮಾತ್ರ, ಏಪ್ರಿಲ್-ಮೇನಲ್ಲಿ ಎಂಟೂವರೆಗೆ ತಂದ್ಕೋತೀವಿ, ಹೇಗೂ ಸ್ಕೂಲ್ ರಜಾ. ಕಲಬುರ್ಗಿ, ರಾಯಚೂರು ಕಡೆಯೋರು ಬೇಸಿಗೇಲಿ ಒಂಬತ್ತರ ಬಿಸಿಲಿಗೆ ಹೋಗೋ ಸಾಹಸ ಮಾಡ್ಬೇಡಿ, ಸಂಜೆ ಇಟ್ಕೊಳ್ಳಿ. ಮಂಗಳೂರು, ಮಲೆನಾಡಿನೋರು ಮೂರು ತಿಂಗಳ ಮಳೆಗೆ ಮೊದ್ಲೇ ಒಂದು ಸೂರು ನೋಡಿಟ್ಕೊಳ್ಬೇಕು, ಶಾಲೆ ಜಗಲಿಯೋ ಸಮುದಾಯ ಭವನವೋ ಯಾವುದಾದ್ರೂ, ಇಲ್ಲ ಅಂದ್ರೆ ಜೂನಲ್ಲಿ ನಿಂತ ಗುಂಪು ಮತ್ತೆ ಎದ್ದೇಳೋದು ಕಷ್ಟ.

4. ಎಷ್ಟು ಮಾಡಿದ್ರೆ ಸಾಕು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನನಾದ್ರೂ ಸ್ನಾಯುಗಳಿಗೆ ಬಲ ಕೊಡೋ ಕಸರತ್ತು. 65 ದಾಟಿದೋರಿಗೆ ವಾರಕ್ಕೆ ಮೂರು ದಿನ ಬ್ಯಾಲೆನ್ಸ್ ಅಭ್ಯಾಸನೂ ಸೇರಿಸಿ ಅಂತಾರೆ, ಬೀಳೋದು ತಪ್ಪಲಿ ಅಂತ. ಮಕ್ಕಳಿಗೆ ದಿನಕ್ಕೆ 60 ನಿಮಿಷ.

150 ನಿಮಿಷ ಅಂದ್ರೆ ವಾರಕ್ಕೆ ಐದು ದಿನ ಅರ್ಧ ಗಂಟೆ. ಒಂದು ಸೀರಿಯಲ್ ಎಪಿಸೋಡ್ ಜಾಹೀರಾತು ಸೇರಿ.

ಮಧ್ಯಮ ವೇಗ ಅಂದ್ರೆ ಏನು ಅಂತ ತಿಳ್ಕೊಳ್ಳೋಕೆ ಸ್ಮಾರ್ಟ್ ವಾಚ್ ಬೇಕಿಲ್ಲ. ನಡೀತಾ ಪಕ್ಕದೋರ ಹತ್ರ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಆರಾಮಾಗಿ ಹಾಡ್ಕೊಂಡು ಹೋಗ್ತಿದೀರಾ ಅಂದ್ರೆ ನಿಧಾನ ಆಯ್ತು, ಎರಡು ಪದ ಹೇಳೋಷ್ಟರಲ್ಲಿ ಉಸಿರು ಕಟ್ತಿದೆ ಅಂದ್ರೆ ಜಾಸ್ತಿ ಆಯ್ತು. ನಮ್ಮ ಗುಂಪಲ್ಲಿ ಇದನ್ನ ಪರೀಕ್ಷೆ ಮಾಡೋ ಅಗತ್ಯನೇ ಬರಲ್ಲ ಬಿಡಿ, ಸೊಸೆ ವಿಷಯ ಅರ್ಧಕ್ಕೆ ನಿಂತ್ರೆ ಸ್ಪೀಡ್ ಜಾಸ್ತಿ ಆಗಿದೆ ಅಂತ ಗೊತ್ತಾಗುತ್ತೆ.

ಆಮೇಲೆ ಈ ಹತ್ತು ಸಾವಿರ ಹೆಜ್ಜೆ ಹುಚ್ಚು. ಅದು ಡಾಕ್ಟ್ರು ಕಂಡುಹಿಡಿದ ನಂಬರ್ ಅಲ್ಲ, 1965ರಲ್ಲಿ ಜಪಾನಲ್ಲಿ ಹೆಜ್ಜೆ ಎಣಿಸೋ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆ ಮೀಟರ್' ಅಂತ, ಅಲ್ಲಿಂದ ಹಬ್ಬಿದ್ದು. ಎರಡು ಸಾವಿರ ನಡೆಯೋನು ನಾಲ್ಕು ಸಾವಿರ ನಡೆದ್ರೆ ಅವನಿಗೆ ದೊಡ್ಡ ಲಾಭನೇ. ಗುಂಪಿನ ಶುರುವಲ್ಲೇ ಹತ್ತು ಸಾವಿರ ಅಂದ್ರೆ ಮಂಡಿ ನೋವಿರೋರು ಗೇಟಿಂದಾನೇ ವಾಪಸ್ ಹೋಗ್ತಾರೆ.

5. ನಲವತ್ತು ನಿಮಿಷದಲ್ಲಿ ಏನೇನು ಮಾಡ್ಸೋದು

ಇದು ಮುಖ್ಯ ಭಾಗ, ಸ್ವಲ್ಪ ವಿವರವಾಗೇ ಹೇಳ್ತೀನಿ.

ಮೊದಲ ಐದು ನಿಮಿಷ ನಿಧಾನಕ್ಕೆ ನಡಿಗೆ, ಭುಜ ತಿರುಗಿಸೋದು, ಪಾದ ತಿರುಗಿಸೋದು. ಚಳಿಗಾಲದಲ್ಲಿ ಇದನ್ನ ಹತ್ತು ನಿಮಿಷ ಮಾಡಿ. ಆಮೇಲೆ ಇಪ್ಪತ್ತು ನಿಮಿಷ ಬಿರುಸು ನಡಿಗೆ. ಇಲ್ಲಿ ಒಂದು ಸಣ್ಣ ಉಪಾಯ ಇದೆ: ಎಲ್ಲರೂ ಒಟ್ಟಿಗೆ ಉದ್ದಕ್ಕೆ ಹೋದ್ರೆ ವೇಗದವರು ಮುಂದೆ ಹೋಗಿಬಿಡ್ತಾರೆ, ಹಿಂದೆ ಉಳಿದೋರಿಗೆ ಬೇಜಾರಾಗಿ ಮಾರನೇ ದಿನ ಬರಲ್ಲ. ಅದಕ್ಕೆ ಪಾರ್ಕಿನ ಒಳಗೇ ಸುತ್ತು ಹಾಕ್ಸಿ. ಸುತ್ತು ಹಾಕ್ದಾಗ ಯಾರು ಮುಂದೆ ಯಾರು ಹಿಂದೆ ಗೊತ್ತೇ ಆಗಲ್ಲ, ವೇಗದವರು ಏಳು ಸುತ್ತು, ನಿಧಾನದವರು ನಾಲ್ಕು, ಮುಗಿಯೋದು ಮಾತ್ರ ಎಲ್ರಿಗೂ ಒಂದೇ ಟೈಮಿಗೆ.

ಉಳಿದ ಹದಿನೈದು ನಿಮಿಷದಲ್ಲಿ, ವಾರಕ್ಕೆ ಮೂರು ದಿನ, ಬಲದ ಕಸರತ್ತು. ಇಲ್ಲಿ ನಮಗೆ ಗುರು ಆಗಿದ್ದು ನಮ್ಮ ಬೀದಿ ಕೊನೇ ಮನೆ ತಾತ. ವಯಸ್ಸಲ್ಲಿ ಗರಡಿ ಮನೇಲಿ ಸಾಮು ಮಾಡಿದೋರು, ದಸರಾ ಕುಸ್ತಿ ನೋಡೋಕೆ ಈಗ್ಲೂ ಒಂದು ದಿನ ತಪ್ಪಿಸಲ್ಲ. ನಾನು ಯೂಟ್ಯೂಬ್ ನೋಡಿ 'ಸ್ಕ್ವಾಟ್' ಅಂತ ತೋರಿಸ್ತಿದ್ದೆ, ತಾತ ಬೆಂಚ್ ಮೇಲೆ ಕೂತು ನೋಡ್ತಿದ್ದೋರು ನಗೋಕೆ ಶುರು ಮಾಡಿದ್ರು, "ಲೇ ಮಗಾ, ಬಸ್ಕಿ ಅನ್ನೋ ಅದನ್ನ. ಸ್ಕೂಲಲ್ಲಿ ಹೊಡೆಸ್ತಿದ್ರಲ್ಲ, ಮರ್ತೋದ್ಯಾ?" ಅಂತ. ಎದ್ದು ಬಂದು ಬೆಂಚಿನ ಮುಂದೆ ನಿಂತ್ರು, ಪಾದ ಭುಜದ ಅಗಲಕ್ಕೆ ಇಟ್ರು, ಕೈ ಎದೆ ಮೇಲೆ ಕಟ್ಟಿ, ಬೆಂಚಿಗೆ ಹಿಂಭಾಗ ತಾಗಿತೋ ಇಲ್ವೋ ಅನ್ನೋಷ್ಟು ಇಳಿದು ಕೈ ಊರದೇ ಎದ್ರು. ಹತ್ತು ಸಲ. ನಲವತ್ತು ವರ್ಷದವರು ನಾವು ಆರಕ್ಕೇ ಬೆಂಚಿನ ಮೇಲೆ ದಬಕ್ ಅಂತ ಕೂತ್ವಿ.

ಅವತ್ತಿಂದ ನಮ್ಮದು ಗರಡಿ ಪಾಠದ ಹಗುರ ಮಾಡಿದ ರೂಪ. ಬೆಂಚ್ ಬಸ್ಕಿ ಹತ್ತು. ಗೋಡೆ ದಂಡ ಹತ್ತು, ಅಂದ್ರೆ ಗೋಡೆಯಿಂದ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ದೂರ ನಿಂತು, ಅಂಗೈ ಎದೆ ಮಟ್ಟಕ್ಕೆ ಊರಿ, ಮೊಣಕೈ ಮಡಿಸಿ ಗೋಡೆ ಹತ್ರ ಹೋಗಿ ವಾಪಸ್ ತಳ್ಳೋದು, ಸೊಂಟ ಹಿಂದಕ್ಕೆ ಉಳೀಬಾರ್ದು, ತಲೆಯಿಂದ ಹಿಮ್ಮಡಿ ತನಕ ಒಂದು ಹಲಗೆ ಥರ ಇರ್ಬೇಕು. ಸಲೀಸಾಗಿಬಿಟ್ರೆ ಗೋಡೆ ಬಿಟ್ಟು ಕಟ್ಟೆ ಮೇಲೆ ಕೈ ಊರಿ ಮಾಡಿ. ಹಿಮ್ಮಡಿ ಎತ್ತಿ ಇಳಿಸೋದು ಹದಿನೈದು. ಒಂದು ಲೀಟರ್ ನೀರಿನ ಬಾಟ್ಲು ಎರಡು ಕೈಲೂ ಹಿಡಿದು ಭುಜದ ಮೇಲಕ್ಕೆ ಎತ್ತೋದು ಹತ್ತು. ಕೊನೇಗೆ ಕಂಬಿ ಪಕ್ಕ ನಿಂತು ಒಂದೇ ಕಾಲಲ್ಲಿ ಹತ್ತು ಸೆಕೆಂಡ್, ಆಮೇಲೆ ಇನ್ನೊಂದು ಕಾಲು. ಇದೇ ಬ್ಯಾಲೆನ್ಸ್ ಅಭ್ಯಾಸ. ವಯಸ್ಸಾದೋರು ಕಂಬಿ ಹಿಡ್ದೇ ಮಾಡ್ಬೇಕು, ಹೀರೋ ಆಗೋಕೆ ಹೋಗ್ಬಾರ್ದು. ಹುಷಾರಾದೋರು ಇದೇ ಪಟ್ಟಿನ ಎರಡನೇ ಸಲ ಮಾಡ್ತಾರೆ, ಮಿಕ್ಕೋರು ಎಣಿಸ್ತಾರೆ.

ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ನಮ್ಮ ಜನಕ್ಕೆ ವ್ಯಾಯಾಮ ಅಂದ್ರೆ ವಾಕಿಂಗ್ ಒಂದೇ. ವಯಸ್ಸಾಗ್ತಾ ಮಾಂಸಖಂಡ ಕರಗ್ತಾ ಹೋಗುತ್ತೆ, ಅದನ್ನ ಉಳಿಸ್ಕೊಳ್ಳೋಕೆ ಭಾರ ಹೊರಬೇಕು, ನಡಿಗೆ ಮಾತ್ರ ಸಾಲಲ್ಲ. ಭಾರತೀಯ ಶೈಲಿ ಟಾಯ್ಲೆಟ್ಟಿಂದ ಕೈ ಊರದೇ ಏಳೋಕೆ ಆಗ್ತಿದೆಯಾ ಇಲ್ವಾ ಅನ್ನೋದೇ ನಮ್ಮ ಗುಂಪಲ್ಲಿ ಪಾಸ್-ಫೇಲು.

ಯೋಗ ಗೊತ್ತಿರೋರು ಯಾರಾದ್ರೂ ಇದ್ರೆ ಶನಿವಾರ ಅವರಿಗೆ ಬಿಟ್ಟುಕೊಡಿ. ಮೈಸೂರಲ್ಲಿ ಯೋಗ ಹೇಳ್ಕೊಡೋರಿಗೆ ಬರ ಇಲ್ಲ, ಕೃಷ್ಣಮಾಚಾರ್ಯರು ಅರಮನೆ ಆಶ್ರಯದಲ್ಲಿ ಪಾಠ ಮಾಡಿದ ಊರು, ಅವರ ಹತ್ರ ಇಲ್ಲೇ ಕಲಿತ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ರೂ ಅದನ್ನ ಲೋಕಕ್ಕೆಲ್ಲಾ ಹಬ್ಬಿಸಿದ್ರು. ಅದಕ್ಕೇ ಏನೋ ಇಲ್ಲಿ ಪ್ರತಿ ಬೀದೀಲೂ ಒಬ್ರು ಗುರುಗಳಿರ್ತಾರೆ, ಮೊದಲ ದಿನವೇ ಶೀರ್ಷಾಸನ ಮಾಡ್ಸೋಕೆ ಹೊರಡೋ ಗುರುಗಳನ್ನ ಮಾತ್ರ ನಯವಾಗಿ ತಡೀರಿ.

6. ಆರೋಗ್ಯದ ಎಚ್ಚರಿಕೆ, ಇದನ್ನ ಹಾರಿಸ್ಬೇಡಿ

ಶುರು ಮಾಡೋ ಮೊದ್ಲು ಎಲ್ರೂ ಬಿಪಿ, ಶುಗರ್ ನೋಡಿಸ್ಕೊಳ್ಳಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಿಟೀಲಿ ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ 30 ದಾಟಿದೋರಿಗೆ ಫ್ರೀಯಾಗಿ ನೋಡ್ತಾರೆ. ಹಾರ್ಟ್ ಆಪರೇಶನ್ ಆದೋರು, ನಡೀವಾಗ ಎದೆ ಹಿಡ್ಕೊಳ್ಳೋರು, ತಲೆ ಸುತ್ತಿ ಬೀಳೋರು ತಮ್ಮ ಡಾಕ್ಟ್ರನ್ನ ಕೇಳಿ ಆಮೇಲೆ ಬರಲಿ.

ನಮ್ಮಲ್ಲಿ ಎರಡನೇ ವಾರ ಒಬ್ಬ ಮೇಷ್ಟ್ರು ಮೂರನೇ ಸುತ್ತಲ್ಲಿ ಮಾತು ತೊದಲಿಸೋಕೆ ಶುರು ಮಾಡಿದ್ರು, ಮೈಯೆಲ್ಲಾ ಬೆವರು, ಕೈ ನಡುಗ್ತಿತ್ತು. ಶುಗರ್ ಮಾತ್ರೆ ನುಂಗಿ ತಿಂಡಿ ತಿನ್ನದೇ ಬಂದಿದ್ರು. ನಮಗೆ ಏನು ಮಾಡ್ಬೇಕು ಅಂತಾನೇ ಗೊತ್ತಿಲ್ಲ, ಒಬ್ರು ನೀರು ಚಿಮುಕಿಸ್ತಾರೆ, ಇನ್ನೊಬ್ರು ಈರುಳ್ಳಿ ತರೋಕೆ ಓಡ್ತಾರೆ. ಪುಣ್ಯಕ್ಕೆ ನರ್ಸ್ ಕೆಲಸದಲ್ಲಿರೋ ಒಬ್ಬ ಹುಡುಗಿ ಬ್ಯಾಗಿಂದ ಗ್ಲುಕೋಸ್ ಪುಡಿ ತೆಗೆದು ನೀರಿಗೆ ಹಾಕಿ ಕುಡಿಸಿದ್ಳು, ಹತ್ತು ಹದಿನೈದು ನಿಮಿಷದಲ್ಲಿ ಮೇಷ್ಟ್ರು ಸರಿಹೋದ್ರು, ಮೊದಲ ಮಾತೇ "ಎಷ್ಟನೇ ಸುತ್ತಲ್ಲಿದ್ದೆ?" ಅಂತ.

ಅದಾದ್ಮೇಲೆ ನಮ್ಮ ನಿಯಮ: ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಬರೀ ಹೊಟ್ಟೇಲಿ ಬರಬಾರ್ದು. ಸಕ್ಕರೆ ಡಬ್ಬಿ, ನೀರು ಯಾವಾಗ್ಲೂ ಬೆಂಚ್ ಮೇಲೆ ಇರ್ಬೇಕು. ಯಾರಿಗಾದ್ರೂ ನಡುಕ, ಬೆವರು, ಗೊಂದಲ ಕಂಡ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕೊಡೋದು, ಹದಿನೈದು ನಿಮಿಷ ಕೂರಿಸಿ ನೋಡೋದು, ಸರಿಹೋಗದಿದ್ರೆ ಇನ್ನೊಂದು ಸಲ. ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕ್ಬೇಡಿ, ತಕ್ಷಣ 108ಕ್ಕೆ ಫೋನು. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯೋ ನೋವು, ಇದಕ್ಕೂ ಸೀದಾ 108, 'ಗ್ಯಾಸ್ ಇರ್ಬೇಕು, ಸೋಡಾ ಕುಡೀರಿ' ಅನ್ನೋರ ಮಾತು ಕೇಳ್ಬೇಡಿ.

ಶೂ ವಿಷಯ: ದುಬಾರಿ ಬ್ರ್ಯಾಂಡ್ ಬೇಡ, ಹವಾಯಿ ಚಪ್ಪಲಿ ಮಾತ್ರ ಬೇಡ. ಹಿಮ್ಮಡಿ ಹಿಡಿದಿಡೋ ಯಾವ್ದಾದ್ರೂ ಸರಿ. ಶುಗರ್ ಇರೋರು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೀಬಾರ್ದು, ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ ಅವರಿಗೆ.

7. ವಾಕಿಂಗ್ ಆದ್ಮೇಲಿನ ಮಸಾಲೆ ದೋಸೆ

ನಮ್ಮ ಗುಂಪು ಶುರುವಾದ ಮೊದಲ ತಿಂಗಳು ಸರಾಸರಿ ಎಲ್ರೂ ತೂಕ ಜಾಸ್ತಿ ಆದ್ರು. ಕಾರಣ ಗೊತ್ತಿದ್ದೇ, ವಾಕ್ ಮುಗಿದ ತಕ್ಷಣ ಮೂಲೆ ಹೋಟ್ಲಿಗೆ ದಂಡು. ಮೂರು ಕಿಲೋಮೀಟರ್ ನಡೆದ್ರೆ 70 ಕೆಜಿ ಮನುಷ್ಯನಿಗೆ ಖರ್ಚಾಗೋದು ಸುಮಾರು 150ರಿಂದ 200 ಕ್ಯಾಲೊರಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ಅದನ್ನ ಆರಾಮಾಗಿ ದಾಟುತ್ತೆ, ಪಕ್ಕದಲ್ಲಿ ಕೇಸರಿಬಾತ್ ಬೇರೆ.

ಹಾಗಂತ ಹೋಟ್ಲು ನಿಲ್ಲಿಸ್ಬೇಡಿ! ಜನ ಬರೋದೇ ಆ ಕಾಫಿ, ಹರಟೆಗೆ. ನಾವು ಮಾಡಿದ್ದು ಇಷ್ಟೆ: ಸೋಮವಾರದಿಂದ ಶುಕ್ರವಾರ ಪಾರ್ಕಲ್ಲೇ ಸರದಿ ಮೇಲೆ ಒಬ್ಬೊಬ್ರ ಮನೆಯಿಂದ ಏನಾದ್ರೂ ಬರುತ್ತೆ. ಕೋಸಂಬರಿ, ಮೊಳಕೆ ಹೆಸರುಕಾಳು, ಬೇಯಿಸಿದ ಕಡ್ಲೆಕಾಯಿ, ಸೀಬೆಹಣ್ಣು, ಮಜ್ಜಿಗೆ, ಅಂಥದ್ದು. ಭಾನುವಾರ ಮಾತ್ರ ಹೋಟ್ಲು, ಅವತ್ತು ದೋಸೆ ತಿನ್ನೋರಿಗೆ ಯಾರೂ ಮುಖ ಸಿಂಡರಿಸ್ಬಾರ್ದು ಅನ್ನೋದೂ ನಿಯಮದಲ್ಲಿದೆ. ಸರದಿ ತಿಂಡಿಯಿಂದ ಇನ್ನೊಂದು ಲಾಭ ಆಯ್ತು, ಎರಡು ಮನೆ ಬಿಟ್ಟು ಇರೋರು ಹುರುಳಿಕಾಳು ಕೋಸಂಬರಿ ಮಾಡ್ತಾರೆ ಅಂತ ಹದಿನೈದು ವರ್ಷ ಆದ್ಮೇಲೆ ಗೊತ್ತಾಯ್ತು.

ಊಟದ ಬಗ್ಗೆ ಉಪದೇಶ ಮಾಡೋಕೆ ಹೋದ್ರೆ ಜನ ಓಡಿಹೋಗ್ತಾರೆ. ಒಂದೊಂದು ತಿಂಗಳು ಒಂದೇ ಒಂದು ವಿಷಯ ಹಿಡ್ಕೊಳ್ಳಿ. ಒಂದು ತಿಂಗಳು ಉಪ್ಪು. ದಿನಕ್ಕೆ ಒಬ್ರಿಗೆ ಎಲ್ಲಾ ಸೇರಿ 5 ಗ್ರಾಂ, ಅಂದ್ರೆ ಒಂದು ಟೀ ಚಮಚ, ಅದರೊಳಗಿರ್ಬೇಕು ಅನ್ನೋದು ಲೆಕ್ಕ, ನಮ್ಮ ಉಪ್ಪಿನಕಾಯಿ-ಹಪ್ಪಳ-ಮಜ್ಜಿಗೆ ಮೆಣಸಿನಕಾಯಿ ಮೂರೂ ಒಂದೇ ಊಟದಲ್ಲಿ ಬಂದ್ರೆ ಅಲ್ಲಿಗೆ ಕಥೆ ಮುಗೀತು. ಅದಕ್ಕೆ 'ಮೂರರಲ್ಲಿ ಒಂದು' ಅಂತ ಆಟ ಮಾಡಿದ್ವಿ. ಇನ್ನೊಂದು ತಿಂಗಳು ಕಾಫಿ ಸಕ್ಕರೆ: ವಾರ ವಾರ ಕಾಲು ಚಮಚ ಕಮ್ಮಿ, ನಾಲಿಗೆಗೆ ಗೊತ್ತಾಗದ ಹಾಗೆ. ಮತ್ತೊಂದು ತಿಂಗಳು ರಾತ್ರಿ ಊಟ ಆದ್ಮೇಲೆ ಮನೆ ಮುಂದೆನೇ ಹತ್ತು ಹದಿನೈದು ನಿಮಿಷ ನಡೆಯೋದು, ಊಟದ ನಂತರದ ಶುಗರ್ ಏರೋದನ್ನ ತಗ್ಗಿಸೋಕೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ರಾಗಿ ಮುದ್ದೆ ಒಳ್ಳೇದೇ, ಆದ್ರೆ ರಾಗಿ ಅಂತ ಮೂರು ಮುದ್ದೆ ನುಂಗಿದ್ರೆ ಶುಗರ್ ಏರದೇ ಇರುತ್ತಾ, ಅದೂ ಪಿಷ್ಟನೇ ತಾನೇ.

8. ಆಟ ಬೇಕು ಅನ್ನೋರಿಗೆ ಸೋಲು-ಗೆಲುವು ಇಲ್ಲದ ಆಟ

ದಿನಾ ಅದೇ ನಡಿಗೆ ಬೋರು. ಒಂಬತ್ತರ ಬ್ಯಾಚಿನ ಹೆಂಗಸರು ಬುಧವಾರ ಕೋಲಾಟ ಶುರು ಮಾಡ್ಕೊಂಡ್ರು, ಹಳ್ಳೀಲಿ ಚಿಕ್ಕಂದಿನಲ್ಲಿ ಆಡಿದೋರು ಇಬ್ರಿದ್ರು, ಅವರೇ ಹೇಳ್ಕೊಟ್ರು. ಹದಿನೈದು ನಿಮಿಷ ಕೋಲಾಟ ಹಾಕಿ ನೋಡಿ, ಅಂಗಿ ಒದ್ದೆ ಆಗುತ್ತೆ, ಜೊತೆಗೆ ತಾಳ ತಪ್ಪಿದ್ರೆ ಬೆರಳಿಗೆ ಏಟು ಬೀಳುತ್ತೆ, ಹಾಗಾಗಿ ಮೈಮೇಲೆ ಎಚ್ಚರನೂ ಇರುತ್ತೆ. ರಜಾ ದಿನ ಮಕ್ಕಳು ಬಂದ್ರೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೀರಿ, ಲಗೋರಿಗೆ ಚಪ್ಪಟೆ ಕಲ್ಲು ಜೋಡಿಸಿ. ಅಜ್ಜಿಯರು ಕುಂಟೆಬಿಲ್ಲೆ ಆಡೋಕೆ ಬರ್ತಾರೆ, ಅವರಿಗೆ ಎರಡೂ ಕಾಲು ಊರೋ ರಿಯಾಯಿತಿ ಕೊಡಿ.

ತಿಂಗಳಿಗೊಂದ್ಸಲ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆಗಿದ್ದು. ನಂದಿ ತನಕ ಹತ್ತಿದ್ರೂ ಲೆಕ್ಕಕ್ಕೆ ಬರುತ್ತೆ ಅಂತ ಮೊದ್ಲೇ ಹೇಳಿಬಿಡಿ, ಹತ್ತು ಮೆಟ್ಟಿಲಿಗೊಮ್ಮೆ ನಿಂತ್ರೂ ಬರುತ್ತೆ. ಇಳಿಯೋಕೆ ಮಂಡಿಯವರೆಲ್ಲಾ ಬಸ್ ಹತ್ತಿ, ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ಹೊಡೆತ.

ಬೀದಿ ಬಂದ್ ಮಾಡೋಕೆ ಸಾಧ್ಯ ಇದ್ರೆ ತಿಂಗಳಿಗೊಂದು ಭಾನುವಾರ ಮಾಡಿ. ಕೊಲಂಬಿಯಾದ ಬೊಗೋಟಾ ಅನ್ನೋ ಊರಲ್ಲಿ 1974ರಿಂದ ಇದು ನಡ್ಕೊಂಡು ಬಂದಿದೆ, ಈಗ ಪ್ರತಿ ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರ ತನಕ ನೂರು ಕಿಲೋಮೀಟರ್‌ಗೂ ಜಾಸ್ತಿ ರಸ್ತೇನ ಗಾಡಿಗಳಿಗೆ ಮುಚ್ಚಿ ಸೈಕಲ್, ನಡಿಗೆ, ಡ್ಯಾನ್ಸ್‌ಗೆ ಬಿಡ್ತಾರೆ. ನಮ್ಮ ಬೆಂಗಳೂರಲ್ಲೂ ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಹೋಗಿ ನೋಡಿದ್ರೆ ಗೊತ್ತಾಗುತ್ತೆ, ಮಕ್ಕಳು ಸ್ಕೇಟಿಂಗ್ ಕಲಿಯೋದೇ ಆ ರಸ್ತೇಲಿ. ನಿಮ್ಮದು ಒಂದು ಅಡ್ಡರಸ್ತೆ ಎರಡು ಗಂಟೆ ಆದ್ರೂ ಸಾಕು, ಟ್ರಾಫಿಕ್ ಪೊಲೀಸರಿಗೆ ಮೊದ್ಲೇ ತಿಳಿಸಿ, ಆ ಬೀದಿಯೋರ ಕಾರು ಹಿಂದಿನ ರಾತ್ರಿನೇ ಆಚೆ ನಿಲ್ಲಿಸೋಕೆ ಹೇಳಿ.

9. ಮೂರನೇ ವಾರ ಗುಂಪು ಕರಗುತ್ತೆ, ಆಗ ಏನು ಮಾಡೋದು

ಮೊದಲ ವಾರ ಉತ್ಸಾಹ, ಎರಡನೇ ವಾರ ಮೈಕೈ ನೋವು, ಮೂರನೇ ವಾರ 'ನೆಂಟರು ಬಂದಿದ್ರು'. ಜೋಡಿ ಮಾಡಿ. ಪ್ರತಿಯೊಬ್ರಿಗೂ ಒಬ್ರು ಜೊತೆಗಾರರು, ಬರುವಾಗ ಅವರ ಗೇಟ್ ಹತ್ರ ನಿಂತು ಒಂದ್ಸಲ ಕೂಗ್ಬೇಕು. ಅಲಾರಾಂ ಆಫ್ ಮಾಡ್ಬಹುದು, ಗೇಟ್ ಹತ್ರ ನಿಂತಿರೋ ಪಕ್ಕದ ಮನೆ ಅಕ್ಕನ್ನ ಆಫ್ ಮಾಡೋಕಾಗಲ್ಲ.

ಜಪಾನಲ್ಲಿ ರೇಡಿಯೋ ವ್ಯಾಯಾಮ ಅಂತ 1928ರಿಂದ ಇದೆ, ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲಿ ಪಿಯಾನೋ ಬರುತ್ತೆ, ಮುದುಕರು ಮಕ್ಕಳು ಎಲ್ಲಾ ಪಾರ್ಕಲ್ಲಿ ನಿಂತು ಮಾಡ್ತಾರೆ, ಒಂದು ಸೆಟ್ ಮೂರು ನಿಮಿಷ ಅಷ್ಟೆ. ಬೇಸಿಗೆ ರಜೇಲಿ ಬಂದ ಮಕ್ಕಳ ಕಾರ್ಡಿಗೆ ದಿನಾ ಒಂದು ಮುದ್ರೆ ಒತ್ತುತ್ತಾರೆ. ನಾವು ಇದನ್ನ ಕದ್ವಿ. ಒಂದು ರಟ್ಟು, ಒಂದು ರಬ್ಬರ್ ಸ್ಟಾಂಪು. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರಾದೋರು ಮಗು ಥರ ಕಾರ್ಡ್ ಚಾಚಿ ನಿಲ್ತಾರೆ, ಒಂದಿನ ಸ್ಟಾಂಪ್ ಪ್ಯಾಡ್ ಒಣಗಿ ಮುದ್ರೆ ಸರಿಯಾಗಿ ಬಿದ್ದಿಲ್ಲ ಅಂತ ಜಗಳನೇ ಆಯ್ತು. ಆದ್ರೆ ಜಾಸ್ತಿ ಮುದ್ರೆ ಇರೋರಿಗೆ ಬಹುಮಾನ ಇಡ್ಬೇಡಿ. ಇಟ್ಟಿದ್ವಿ ಒಂದು ತಿಂಗಳು, ಜ್ವರ ಇದ್ದೋರೂ ಬಂದ್ರು, ಹಿಂದೆ ಬಿದ್ದೋರು ಕಾರ್ಡೇ ಬಿಸಾಕಿದ್ರು. ಬಹುಮಾನ ಬಂದ ತಕ್ಷಣ ಅದು ಮತ್ತೆ ಟೂರ್ನಮೆಂಟ್ ಆಗುತ್ತೆ, ಮತ್ತೆ ಅರ್ಧ ಜನ ಕುರ್ಚಿಗೆ ವಾಪಸ್.

ವಾಟ್ಸಾಪ್ ಗ್ರೂಪಿಗೆ ಎರಡೇ ನಿಯಮ. ಗುಡ್ ಮಾರ್ನಿಂಗ್ ಫೋಟೋ ಬೇಡ, ರಾಜಕೀಯ ಬೇಡ. ಮೂರನೇದು ಆಮೇಲೆ ಸೇರಿಸಿದ್ವಿ, 'ಈ ಎಲೆ ತಿಂದ್ರೆ ಶುಗರ್ ಮಾಯ' ಅನ್ನೋ ಫಾರ್ವರ್ಡ್ ಬೇಡ.

10. ಅಳತೆ

ಎಲ್ರೆದುರು ತೂಕದ ಮಷೀನ್ ಇಡ್ಲೇಬೇಡಿ, ಅವಮಾನ ಆಗುತ್ತೆ. ಅದರ ಬದಲು ಮೂರು ತಿಂಗಳಿಗೊಮ್ಮೆ ಎರಡು ಅಳತೆ ಸಾಕು. ಒಂದು, ಟೈಲರ್ ಟೇಪಲ್ಲಿ ಹೊಕ್ಕುಳ ಹತ್ರ ಸೊಂಟದ ಸುತ್ತಳತೆ, ಅವರವರ ಮನೇಲೇ ನೋಡ್ಕೊಳ್ಳಲಿ. ನಮ್ಮ ಭಾರತೀಯ ಮೈಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರ ಮೇಲೆ ಹೋದ್ರೆ ಶುಗರ್, ಹಾರ್ಟ್ ಕಡೆ ಗಮನ ಬೇಕು ಅಂತ. ಇನ್ನೊಂದು, ಕುರ್ಚೀಲಿ ಕೂತು ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರಾ ಅಂತ ಎಣಿಸೋದು. ವಯಸ್ಸಾದೋರ ಕಾಲಿನ ಬಲ ನೋಡೋಕೆ ಫಿಸಿಯೋಥೆರಪಿಯವರು ಬಳಸೋ ಪರೀಕ್ಷೆನೇ ಇದು. ಮೇಷ್ಟ್ರು ಶುರುವಲ್ಲಿ ಏಳು, ಆರು ತಿಂಗಳಿಗೆ ಹದಿಮೂರು. ತೂಕ ಮಾತ್ರ ಒಂದು ಕೆಜಿನೂ ಇಳಿದಿರ್ಲಿಲ್ಲ, ತೂಕ ನೋಡಿದ್ರೆ ಯಾವತ್ತೋ ಬಿಟ್ಟಿರ್ತಿದ್ರು.

11. ದುಡ್ಡು, ಯಜಮಾನಿಕೆ

ದುಡ್ಡು ಎತ್ತಬೇಡಿ. ನೂರು ರೂಪಾಯಿ ಚಂದಾ ಎತ್ತಿದ ದಿನ ಲೆಕ್ಕ, ಖಜಾಂಚಿ, ಅಧ್ಯಕ್ಷ, ಟೀಶರ್ಟ್ ಮೇಲೆ ಯಾರ ಫೋಟೋ ಅನ್ನೋದೆಲ್ಲಾ ಶುರುವಾಗುತ್ತೆ. ಟೀಶರ್ಟ್ ಸ್ಪಾನ್ಸರ್ ಮಾಡ್ತೀವಿ ಅಂತ ಚುನಾವಣೆ ಹತ್ರ ಬಂದಾಗ ಖಂಡಿತ ಯಾರೋ ಬರ್ತಾರೆ, ಒಂದು ಗ್ಲಾಸ್ ಮಜ್ಜಿಗೆ ಕೊಟ್ಟು ಕಳಿಸಿ.

ಎಣಿಕೆ ಹೇಳೋ ಕೆಲಸ ವಾರಕ್ಕೊಬ್ರಿಗೆ ಕೊಡಿ, ನೀವೇ ಹಿಡ್ಕೊಂಡು ಕೂರಬೇಡಿ. ನಾನು ಹೋದ ಮಳೆಗಾಲದಲ್ಲಿ ಡೆಂಗ್ಯೂ ಬಂದು ಮೂರು ವಾರ ಮಲಗಿದ್ದೆ, ಒಳಗೊಳಗೇ ಅಂದ್ಕೊಂಡಿದ್ದೆ ಗುಂಪು ನಿಂತೇ ಹೋಗಿರುತ್ತೆ ಅಂತ. ವಾಪಸ್ ಹೋದ್ರೆ ಕಸರತ್ತಿನ ಕ್ರಮನೇ ಬದಲಾಗಿತ್ತು, ಬಾಟ್ಲು ಎತ್ತೋದು ಮೊದ್ಲು ಬಂದಿತ್ತು, ಬಸ್ಕಿ ಹತ್ತರಿಂದ ಹನ್ನೆರಡಕ್ಕೆ ಏರಿತ್ತು, ಎದುರು ಮನೆ ಆಂಟಿ ಎಣಿಸ್ತಿದ್ರು. ನಾನು ಎಂಟಕ್ಕೆ ಸುಸ್ತಾಗಿ ಬೆಂಚ್ ಮೇಲೆ ಕೂತೆ. ತಾತ ಪಕ್ಕ ಸರಿದು ಜಾಗ ಮಾಡಿಕೊಟ್ಟು, "ಇವತ್ತಿಗೆ ಸಾಕು, ನಿನ್ನ ಕಾರ್ಡ್ ಎಲ್ಲಿ" ಅಂದ್ರು.